ಕಾಪುವಿನ ಕಡಲ ಬದಿಯಲ್ಲಿ ನನಗೆ ಕಂಡ ಅಂಗಾಲು

ಇಂಥ ಅನುಭವಗಳನ್ನು ಯಾರಾದರೂ ಹೇಳಿದಾಗ ನಾನು ನಗುತ್ತಿದ್ದೆ. ಶಿರ್ವದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಕಲಿಸಿದವಳು ನಾನು. ಕನಸಿನಲ್ಲಿ ಸೂಚನೆ ಬಂತು ಎಂದವರನ್ನು, "ನಿನ್ನೆ ಊಟಕ್ಕೆ ಎಂತ ಇತ್ತು?" ಎಂದು ಕೇಳುವುದು ನನ್ನ ಅಭ್ಯಾಸ. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ. 

ಕೆಲವು ವರ್ಷಗಳ ಹಿಂದೆ ನನ್ನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಕಪ್ಪು ಕಲೆ ಕಾಣಿಸಿಕೊಂಡಿತು. ಮುಳ್ಳು ಚುಚ್ಚಿದ ಗುರುತೆಂದು ಮನೆಯಲ್ಲಿ ಎಲ್ಲರೂ ತಿಳಿದೆವು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಶ್ವಾಸಕೋಶಕ್ಕೆ ಹರಡಿತ್ತು. ಮಣಿಪಾಲದ ಡಾಕ್ಟರು ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿದರು. ಅದರ ಜೀನಿನಲ್ಲಿ ಒಂದು ಬದಲಾವಣೆ ಇದೆ, ಅದನ್ನೇ ಗುರಿಯಿಟ್ಟು ಹೊಡೆಯುವ ಎರಡು ಬಗೆಯ ಮಾತ್ರೆಗಳಿವೆ ಎಂದರು. ಒಂದನ್ನು ಫ್ರಿಜ್ಜಿನಲ್ಲಿಡಬೇಕಿತ್ತು. ನನ್ನ ಗಂಡ ಆಲ್ಬನ್ ಅದಕ್ಕಾಗಿ ಮೀನಿನ ಡಬ್ಬಿಗಳನ್ನೆಲ್ಲ ಫ್ರಿಜ್ಜಿನ ತಳಕ್ಕೆ ಸಾಗಿಸಿದರು. ಕಣ್ಣು ಮಂಜಾದರೆ ಕೂಡಲೇ ಫೋನ್ ಮಾಡಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು.

ಮಾತ್ರೆ ಶುರುವಾದ ಸ್ವಲ್ಪ ಸಮಯದಲ್ಲೇ, ಒಂದು ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ನಾವಿಬ್ಬರೂ ಕಾಪು ಬೀಚಿಗೆ ಹೋದೆವು. ಗಾಳಿ ಕುಡಿದರೆ ನನಗೆ ಹಿತವಾದೀತೆಂದು ಆಲ್ಬನ್ನರ ಆಸೆ. ಬಂಡೆಯ ಮೇಲೆ ಕುಳಿತು ತಲೆಯೆತ್ತಿದೆ. ಲೈಟ್‌ಹೌಸಿನ ನಡುಭಾಗವೇ ಇಲ್ಲ! ಕಣ್ಣುಜ್ಜಿ ಮತ್ತೆ ನೋಡಿದೆ. ನೇರವಾಗಿ ನೋಡಿದಲ್ಲೆಲ್ಲ ಚಹಾದ ಬಣ್ಣದ ಒಂದು ದುಂಡು ಮಂಜು. ಅದರ ಅಂಚಿನಲ್ಲಿ ನೆಟ್ಟಗಿನ ಗೋಡೆಯೂ ಬಾಗಿತ್ತು. ಡಾಕ್ಟರು ಹೇಳಿದ್ದು ಇದೇ ಎಂದು ಹೊಳೆಯಿತು. ಆಲ್ಬನ್ ಗಾಬರಿಯಿಂದ ಆಸ್ಪತ್ರೆಗೆ ಫೋನ್ ಮಾಡಲು ಆಚೆ ಹೋದರು.

ಅಷ್ಟರಲ್ಲಿ ನನಗಿಂತ ಸ್ವಲ್ಪ ಕಿರಿಯ ಹೆಂಗಸೊಬ್ಬರು ಮಗಳೊಂದಿಗೆ ಬಂದು ಪಕ್ಕದ ಬಂಡೆಯಲ್ಲಿ ಕುಳಿತರು. ಕಾರ್ಕಳದವರು, ಹೆಸರು ಗಿರಿಜಾ ಎಂದು ಆಮೇಲೆ ತಿಳಿಯಿತು. ಅವರ ಮುಖದತ್ತ ತಿರುಗಿದೆ; ಮುಖ ಮಂಜಿನೊಳಗೆ ಅಳಿಸಿಹೋಯಿತು. ಹಾಗೆ ದಿಟ್ಟಿಸುವುದು ಸರಿಯಲ್ಲವೆಂದು ಕಣ್ಣು ಕೆಳಗಿಳಿಸಿದೆ. ದಪ್ಪ ಶೂ ತೊಟ್ಟಿದ್ದ ಅವರ ಪಾದಗಳ ಮೇಲೆ ಆ ಮಂಜು ಬಂದು ನಿಂತಿತು. ನಿಂತದ್ದೇ ತಡ, ಅದರ ನಡುವೆ ಒಂದು ಎಡ ಅಂಗಾಲು ಫೋಟೋದಷ್ಟು ಸ್ಪಷ್ಟವಾಗಿ ಕಾಣಿಸಿತು.

ಹಿಮ್ಮಡಿಯ ಹತ್ತಿರ, ಒದ್ದೆ ಕಾಗದದಲ್ಲಿ ಶಾಯಿ ಹರಡಿದ ಹಾಗೆ ಅಂಚು ಕೆಟ್ಟ ಕಪ್ಪು ಕಲೆ. ಅದರ ಪಕ್ಕದಲ್ಲಿ ಬಾಗಿದ ಹಳೆಯ ಗಾಯದ ಗುರುತು. ನನ್ನದೇ ಕಾಲಿನ ನೆನಪಾಗಿದ್ದರೆ ಬಲಗಾಲು ಕಾಣಬೇಕಿತ್ತು, ಹೆಬ್ಬೆರಳ ಬುಡ ಕಾಣಬೇಕಿತ್ತು. ಆ ಗಾಯವಂತೂ ನನಗಿಲ್ಲ. ಯೋಚಿಸುವ ಮೊದಲೇ ಬಾಯಿಂದ ಮಾತು ಬಂದಾಗಿತ್ತು.

"ಅಮ್ಮ, ನಿಮ್ಮ ಎಡಗಾಲಿನ ಅಡಿಯಲ್ಲಿ ಒಂದು ಕಪ್ಪು ಕಲೆ ಉಂಟು ಅಲ್ವಾ?"

"ಎಂತ? ನನಗಾ? ಇಲ್ಲ ಮಾರಾಯ್ರೆ."

"ಹಿಮ್ಮಡಿಯ ಹತ್ತಿರ. ಪಕ್ಕದಲ್ಲಿ ಬಾಗಿದ ಗಾಯದ ಗುರುತು."

ಅವರು ಎಡಗಾಲನ್ನು ಹಿಂದಕ್ಕೆಳೆದುಕೊಂಡರು. "ಗಾಯದ ಗುರುತು ಹೌದು. ಸಣ್ಣವಳಿರುವಾಗ ಗಾಜು ಮೆಟ್ಟಿದ್ದು. ಅದು ನಿಮಗೆ ಹೇಗೆ ಗೊತ್ತು?"

ಮಗಳಿಗೆ ಸಿಟ್ಟು ಬಂತು. "ನೀವು ಯಾರು? ಅಮ್ಮನನ್ನು ಸುಮ್ಮನೆ ಹೆದರಿಸುವುದು ಎಂತಕ್ಕೆ?"

ಅಷ್ಟರಲ್ಲಿ ಓಡಿಬಂದ ಆಲ್ಬನ್ ನನ್ನ ಮೊಣಕೈ ಹಿಡಿದು, "ಬಾ, ಹೋಗುವಾ, ನಾಳೆ ಬೆಳಿಗ್ಗೆ ಬರಲು ಹೇಳಿದ್ದಾರೆ," ಎಂದರು. ನಾನು ಕದಲಲಿಲ್ಲ. ಗಿರಿಜಾ ಬಗ್ಗಿ ಶೂ ಬಿಚ್ಚಿದರು, ಕಾಲುಚೀಲ ತೆಗೆದರು. ಮಗಳು ಪಾದ ಎತ್ತಿ ಹಿಡಿದು ನೋಡಿದಳು. ಅವಳ ಸ್ವರವೇ ಬದಲಾಯಿತು.

"ಅಮ್ಮಾ... ಉಂಟು."

 ಆಲ್ಬನ್ ಬಗ್ಗಿ ನೋಡಿ, ಹಿಮ್ಮಡಿಯ ಹತ್ತಿರ ಕಪ್ಪು ಕಲೆ, ಪಕ್ಕದಲ್ಲಿ ಬಾಗಿದ ಗಾಯದ ಗುರುತು ಎಂದರು; ನಾನು ಕಂಡ ಹಾಗೆಯೇ. ನನಗೆ ಮಾತ್ರ ಆಗ ಚಹಾ ಬಣ್ಣದ ಮಂಜಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಗಿರಿಜಾರಿಗೆ ಸಕ್ಕರೆ ಕಾಯಿಲೆ. ಪಾದಗಳ ಸ್ಪರ್ಶ ಕಡಿಮೆಯಾಗಿ ವರ್ಷಗಳಾಗಿದ್ದವು. ಕಾಲು ಮಡಚಿ ಅಂಗಾಲು ನೋಡಿಕೊಳ್ಳಲು ಮಂಡಿನೋವು ಬಿಡುತ್ತಿರಲಿಲ್ಲ. ನಾನು ಚಪ್ಪಲಿ ಕಳಚಿ ನನ್ನ ಕಾಲು ತೋರಿಸಿದೆ. ಏನಾಯಿತೆಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ನಾಳೆಯೇ ಚರ್ಮದ ಡಾಕ್ಟರಿಗೆ ತೋರಿಸಿ," ಎಂದು ಕೈಮುಗಿದೆ. ಸಿಟ್ಟಾಗಿದ್ದ ಮಗಳೇ ನನ್ನ ಫೋನ್ ನಂಬರ್ ಬರೆದುಕೊಂಡಳು.

ಮರುದಿನ ಮಣಿಪಾಲದಲ್ಲಿ ಕಣ್ಣಿನ ಸ್ಕ್ಯಾನ್ ಆಯಿತು. ಅಕ್ಷಿಪಟಲದ ಅಡಿಯಲ್ಲಿ ನೀರು ಸೇರಿದೆ, ಈ ಮಾತ್ರೆಯಿಂದ ಹಾಗಾಗುವುದುಂಟು, ಹೆಚ್ಚಿನವರಿಗೆ ಇಳಿದುಹೋಗುತ್ತದೆ ಎಂದು ಕಣ್ಣಿನ ಡಾಕ್ಟರಮ್ಮ ವಿವರಿಸಿದರು. ಕ್ಯಾನ್ಸರ್ ಡಾಕ್ಟರು ಒಂದು ಮಾತ್ರೆಯನ್ನು ಸ್ವಲ್ಪ ದಿನ ನಿಲ್ಲಿಸಿ ಮತ್ತೆ ಶುರು ಮಾಡಿಸಿದರು. ಮಂಜು ಪೂರ್ತಿ ಹೋಯಿತು. ಶ್ವಾಸಕೋಶದ ಗಡ್ಡೆಗಳೂ ಕುಗ್ಗಿವೆ.

ಡಾಕ್ಟರಮ್ಮನಿಗೆ ಬೀಚಿನ ಕಥೆಯನ್ನೂ ಹೇಳಿದ್ದೆ. "ನೋಟದಲ್ಲಿ ಖಾಲಿ ಬಿದ್ದ ಜಾಗವನ್ನು ಕೆಲವೊಮ್ಮೆ ಮಿದುಳು ತಾನೇ ಚಿತ್ರಗಳಿಂದ ತುಂಬುತ್ತದೆ ಟೀಚರ್," ಎಂದರು.

"ಇಲ್ಲದ್ದನ್ನು ತುಂಬಬಹುದು. ಆದರೆ ಅದು ನಿಜವಾಗಿ ಇತ್ತಲ್ಲ?"

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಅದು ನನಗೆ ಗೊತ್ತಿಲ್ಲ."

ಕೆಲವು ವಾರಗಳಾದ ಮೇಲೆ ಕಾರ್ಕಳದಿಂದ ಆ ಮಗಳ ಫೋನ್ ಬಂತು. ಮೆಲನೋಮಾವೇ. ಆದರೆ ತೀರಾ ಶುರುವಿನದ್ದು. ಕತ್ತರಿಸಿ ತೆಗೆದಿದ್ದಾರೆ, ಎಲ್ಲಿಯೂ ಹಬ್ಬಿಲ್ಲ. ಇಷ್ಟು ಹೇಳಿ ಅವಳು ಅತ್ತಳು. ನಾನು ಅಡುಗೆಮನೆಯಲ್ಲಿ ನಿಂತು "ಆಲ್ಬನ್! ಆಲ್ಬನ್!" ಎಂದು ಕೂಗಿದ ರಭಸಕ್ಕೆ, ನನಗೇ ಏನೋ ಆಯಿತೆಂದು ಅವರು ಬರಿಗಾಲಲ್ಲಿ ಓಡಿಬಂದರು.

ಆ ದಿನ ಬೀಚಿನಲ್ಲಿ ಮೊದಲೇ ಒಮ್ಮೆ ಮರಳು ಕೊಡವಲು ಶೂ ಬಿಚ್ಚಿದ್ದಿರಾ ಎಂದು ಗಿರಿಜಾರನ್ನು ಮತ್ತೆ ಮತ್ತೆ ವಿಚಾರಿಸಿದ್ದೇನೆ. ಇಲ್ಲವೇ ಇಲ್ಲ ಎನ್ನುತ್ತಾರೆ. ದೇವರು ತೋರಿಸಿದ್ದು ಎಂಬುದು ಅವರ ನಂಬಿಕೆ. ಆಲ್ಬನ್ನರಿಗೆ ಅದು ಕಾಕತಾಳೀಯ. ನಾನು ಮಾತ್ರ ಕಣ್ಣಿನ ತಪಾಸಣೆಗೆಂದು ಹೋದಾಗಲೆಲ್ಲ, ಹೊರಗೆ ಸರದಿಗಾಗಿ ಕಾದಿರುವವರ ಕಾಲುಗಳನ್ನು ಒಂದೊಂದಾಗಿ ನೋಡುತ್ತೇನೆ. ಚಪ್ಪಲಿ, ಶೂ ಅಷ್ಟೇ ಕಾಣುತ್ತವೆ.