ಕೋವಿಯ ತುದಿಯ ಮಸಿ

ಕೊಗ್ಗನ ಕೈಗೆ ಧಣಿಯ ಕೋವಿ ಬರುತ್ತಿದ್ದುದು ಉಜ್ಜುವುದಕ್ಕೆ ಮಾತ್ರ.

ಒಮಾನಿನ ರುಸ್ತಾಕ್ ಕೋಟೆಯ ಕೆಳಗಿನ ರಿಪೇರಿ ಅಂಗಡಿಯಲ್ಲಿ ಅವನು ಕೆಲಸಕ್ಕಿದ್ದ. ಧಣಿಯೂ ವೀಸಾ ಕೊಟ್ಟ ಕಫೀಲನೂ ಹುಮೈದನೇ. ಕೊಗ್ಗನ ಪಾಸ್‌ಪೋರ್ಟ್ ಇದ್ದುದು ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ. ಬೆಟ್ಟದ ಕಾಡುಮೇಕೆಗಳನ್ನು ಹೊಡೆದು ಹೆಸರು ಮಾಡಿದವನು ಹುಮೈದ್. ಸರಕಾರ ಬೇಟೆ ನಿಲ್ಲಿಸಿದ ಮೇಲೆ ಅವನ ಪಾಲಿಗೆ ಉಳಿದದ್ದು ಈದ್ ದಿನದ ಕಲ್ಲು. ವಾದಿಯ, ಅಂದರೆ ಒಣಹೊಳೆಯ, ಆಚೆ ದಡದ ಬಂಡೆಯ ಮೇಲೆ ಗುರಿಗೆಂದು ಒಂದು ಬಿಳಿಕಲ್ಲು ಇಡುತ್ತಿದ್ದರು. ದುರ್ಬೀನು ಇಲ್ಲದ ಹಳೆಯ ರೈಫಲ್ಲು, ಒಬ್ಬನಿಗೆ ಒಂದೇ ಗುಂಡು. ವರ್ಷ ವರ್ಷವೂ ಕಲ್ಲು ಒಡೆಯುತ್ತಿದ್ದುದು ಹುಮೈದನ ಗುಂಡಿಗೇ.

ಬೆಳ್ತಂಗಡಿ ಕಡೆಯ ಕೊಗ್ಗನೂ ಊರಲ್ಲಿ ಹಂದಿಗೆ ಕಾದು ಕುಳಿತವನೇ. ಬೆಳದಿಂಗಳಲ್ಲಿ ಕಾಣಲೆಂದು ನಳಿಗೆಯ ತುದಿಯ ಗುರಿಮೊಳೆಗೆ ವೀಳ್ಯದ ಸುಣ್ಣ ಮೆತ್ತುತ್ತಿದ್ದ. ಹುಮೈದ್ ಅದೇ ಮೊಳೆಗೆ ದೀಪದ ಮಸಿ ಹಿಡಿಸುವುದನ್ನು ಕಂಡಾಗ ಮೊದಲು ನಗು ಬಂದಿತ್ತು, ಆಮೇಲೆ ಅರ್ಥವಾಯಿತು. ಈ ಬಿಸಿಲಲ್ಲಿ ಬರಿ ಕಬ್ಬಿಣ ಒಂದು ಮಗ್ಗುಲು ಮಿಂಚುತ್ತದೆ. ಕಣ್ಣು ಮಿಂಚನ್ನೇ ಮೊಳೆಯೆಂದು ನಂಬಿದರೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ತನಗಿದು ಗೊತ್ತೆಂದು ಕೊಗ್ಗ ಯಾರಿಗೂ ಹೇಳಲಿಲ್ಲ. ಕೇಳಿದವರೂ ಇಲ್ಲ.

ಅವನು ಒಮಾನಿಗೆ ಬಂದ ಮೇಲೆ ಊರಲ್ಲಿ ಹೆಂಡತಿ ಉಮಾವತಿಗೆ ಮಗಳು ಹುಟ್ಟಿದ್ದಳು. ಅವಳು ಈಗ ಓಡಾಡುತ್ತಾಳೆ, ಅವನಿನ್ನೂ ಅವಳನ್ನು ನೋಡಿಲ್ಲ. ರಜೆ ಕೇಳಿದಾಗಲೆಲ್ಲ ಹುಮೈದ್ ಮುಂದಿನ ಈದ್ ಅನ್ನುತ್ತಿದ್ದ. ಎಂಬತ್ತೇಳರ ಈದ್‌ನ ಮುನ್ನಾದಿನ ಕೊಗ್ಗ ಗಿರಾಕಿಗಳ ಎದುರೇ ಮತ್ತೆ ಕೇಳಿದ. ಇಷ್ಟು ದಿನ ಅಪ್ಪನಿಲ್ಲದೆ ಬೆಳೆದವಳು ಇನ್ನೊಂದು ವರ್ಷ ಬೆಳೆಯಲಾರಳೇ ಎಂದು ಹುಮೈದ್ ಹೇಳಿದ. ಎಲ್ಲರೂ ನಕ್ಕರು. ಕೊಗ್ಗನೂ ನಗಬೇಕಾಯಿತು.

ಮರುದಿನ ಬೆಳಿಗ್ಗೆ ಹುಮೈದ್ ನಮಾಜಿಗೆ ಹೋಗಿದ್ದ. ಕೋವಿಯ ದೂಳು ಒರೆಸಿ ವಾದಿಗೆ ತರುವುದು ಕೊಗ್ಗನ ಕೆಲಸ. ಅವನು ನಳಿಗೆಗೆ ಸುತ್ತಿದ ಬೆಳ್ಳಿಪಟ್ಟಿಗಳನ್ನು ಒರೆಸಿದ. ಹುಮೈದ್ ಹಿಡಿಸಿಟ್ಟಿದ್ದ ಮೊಳೆಯ ಮಸಿಯನ್ನೂ ಒರೆಸಿದ. ಹಾಗೇ ಬಿಡದೆ ಪಾಲಿಶ್ ಹಾಕಿ ಕನ್ನಡಿಯಾಗುವವರೆಗೆ ತಿಕ್ಕಿದ. ಹುಮೈದನಿಗೆ ಹತ್ತಿರದ್ದೆಲ್ಲ ಮಂಜಾಗುವ ವಯಸ್ಸಾಗಿತ್ತು. ಬಿಲ್ಲು ಓದುವಾಗ ಕಾಗದವನ್ನು ದೂರ ಹಿಡಿಯುವುದನ್ನು ಕೊಗ್ಗ ನೋಡಿದ್ದ. ಮಸಿ ಹೋದದ್ದು ಅವನ ಕಣ್ಣಿಗೆ ಬೀಳದು.

ಹುಮೈದನ ಗುಂಡು ಕಲ್ಲಿನ ಎಡಕ್ಕೆ ಬಡಿದು ದೂಳೆಬ್ಬಿಸಿತು. ಆಚೆ ಊರಿನವರು ಕೇಕೆ ಹಾಕಿದರು. ಹುಮೈದ್ ಮೊಳೆಯ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿಕೊಂಡ. ಬೆರಳು ಸ್ವಚ್ಛವಾಗಿತ್ತು. ತಲೆಯೆತ್ತಿ ಜನರ ನಡುವೆ ಕೊಗ್ಗನನ್ನು ಹುಡುಕಿದ. ಅಲ್ಲೇ ಬೈದಿದ್ದರೆ, ತನ್ನ ಕೋವಿಯನ್ನು ತಾನೇ ನೋಡಿಕೊಳ್ಳಲಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಸಂಜೆ ಹುಮೈದ್ ಅಂಗಡಿಯ ಬಾಗಿಲು ಹಾಕಿ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟ. ಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದ: ಗೊತ್ತಿಲ್ಲದೆ ಒರೆಸಿದೆಯೋ, ಗೊತ್ತಿದ್ದೋ?

ಗೊತ್ತಿಲ್ಲ ಅಂದರೆ ಕೆಲಸ ಉಳಿಯುತ್ತದೆ, ಮಗಳು ಮತ್ತೆ ಮುಂದಿನ ಈದ್‌ಗೆ. ಗೊತ್ತಿತ್ತು ಅಂದರೆ ಊರಿಗೆ ಹೋಗಬಹುದು, ಆದರೆ ಒಮಾನಿನ ಬಾಗಿಲು ಮುಚ್ಚಿದಂತೆ.

"ಗೊತ್ತಿತ್ತು," ಎಂದ ಕೊಗ್ಗ. "ನಾನೂ ಬೇಟೆಯವನೇ."

"ನಮ್ಮಲ್ಲಿ ಹಗೆ ಇದ್ದವನು ಕೋವಿ ಹಿಡಿದು ಎದುರು ನಿಲ್ಲುತ್ತಾನೆ."

"ನನ್ನ ಕೈಗೆ ನೀನು ಕೊಟ್ಟದ್ದು ಒರೆಸುವ ಬಟ್ಟೆ ಮಾತ್ರ."

ಹುಮೈದ್ ದೀಪ ಹಚ್ಚಿ ಮುಂದೆ ತಳ್ಳಿ, ಮಸಿ ಹಿಡಿಸು ಎಂದ. ಕೊಗ್ಗ ನಳಿಗೆಯ ತುದಿಯನ್ನು ಹೊಗೆಗೆ ಹಿಡಿದ. ಅದು ಮುಗಿಯುವವರೆಗೂ ಹುಮೈದ್ ಕಣ್ಣು ತೆಗೆಯದೆ ನೋಡುತ್ತ ನಿಂತ. ಬೆರಳೊತ್ತಿ ಪರೀಕ್ಷಿಸಿದ. ಕಪ್ಪಾದ ಆ ಬೆರಳನ್ನು ಕೊಗ್ಗನ ಹಬ್ಬದ ಬಿಳಿ ಅಂಗಿಯ ಎದೆಗೆ ನಿಧಾನವಾಗಿ ಒರೆಸಿ, ಪಾಸ್‌ಪೋರ್ಟನ್ನು ಅವನ ಕೈಗಿಟ್ಟು, "ಖಲಾಸ್" ಎಂದ.

ರಸ್ತೆಯಲ್ಲಿ ಚಹಾ ಅಂಗಡಿಯ ಮೊಯ್ದು ತಡೆದು ನಿಲ್ಲಿಸಿದ. ಉಪ್ಪಿನಂಗಡಿಯ ಅವನು ಕೊಗ್ಗನ ರೂಮಿನವನು. ಪಾಸ್‌ಪೋರ್ಟನ್ನೂ ಅಂಗಿಯನ್ನೂ ನೋಡಿದ.

"ಎಂತ ಮಾರಾಯ, ಎಕ್ಸಿಟ್ ಸೀಲು ಅಂಗಿಗೇ ಬಿತ್ತಲ್ಲ. ಬೇರೆ ಹಾಕು, ಮಗು ಹೆದರ್ತದೆ."

"ಹೆದರಲಿ," ಎಂದ ಕೊಗ್ಗ. ಮಸ್ಕತ್ತಿಗೆ ಹೋಗುವ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದ.