ಹೆಬ್ಬೆರಳಿನ ಮಸಿ

ನಮ್ಮ ಪುರಾತತ್ವ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಅದು ಅಗೆದ ಮಣ್ಣು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ ಎಂದು ಚಿತ್ರದುರ್ಗದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಕಣ್ಣೊರೆಸಿಕೊಂಡು ಹೇಳಿದರು. ಯಾವ ಮಣ್ಣು? ನಾನು ಎಂ.ಎ. ಓದಿದ ಎರಡು ವರ್ಷದಲ್ಲಿ ಅವರು ಗುದ್ದಲಿ ಹಿಡಿದದ್ದನ್ನು ನೋಡಿಲ್ಲ. ಅಗೆಯುತ್ತಿದ್ದವರು ಊರಿನ ಹೆಂಗಸರು ಮತ್ತು ನಾವು. ಉಗುರಿನಲ್ಲಿದ್ದದ್ದು ಮಸಿ.

ತೊಳೆದು ಒಣಗಿಸಿದ ಪ್ರತಿ ಮಡಕೆ ಚೂರಿನ ಮೇಲೆ, ಅದು ಮಣ್ಣಿನ ಎಷ್ಟನೇ ಪದರದಲ್ಲಿ ಸಿಕ್ಕಿತೆಂದು ಸಣ್ಣ ನಿಬ್ಬಿನಿಂದ ಬರೆದು, ಅಳಿಸದಿರಲೆಂದು ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುತ್ತಿದ್ದೆವು. ಅಂಕಿ ಸೊಟ್ಟಗಿದ್ದರೆ ಮೇಷ್ಟ್ರು ಒಣಗುವ ಮೊದಲೇ ಹೆಬ್ಬೆರಳಿನಿಂದ ಒರೆಸಿಬಿಡುತ್ತಿದ್ದರು. ಹಿರಿಯೂರಿನ ಫ್ಯಾನ್ಸಿ ಸ್ಟೋರಿನಲ್ಲಿ ಮೇಷ್ಟ್ರು ಒಂದು ಡಜನ್ ಪಾಲಿಶ್ ಕೇಳಿದಾಗ ಅಂಗಡಿಯವನು, "ಮನೇಲಿ ಎಷ್ಟು ಜನ ಹೆಣ್ಮಕ್ಕಳು ಸಾರ್?" ಎಂದ. "ಹೆಣ್ಮಕ್ಕಳಲ್ಲ ಕಣಯ್ಯ, ಮಡಕೆ. ನಾಕು ಸಾವಿರ ಅವೆ, ಒಂದೂ ನೆಟ್ಟಗಿಲ್ಲ!" ಎಲ್ಲರೂ ನಕ್ಕೆವು. ನಗಿಸುವವರನ್ನು ಯಾರೂ ಅನುಮಾನಿಸುವುದಿಲ್ಲ. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದು ಬಂದವನೆಂದು ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೇ ಡಿಬೇಟು, ಇಲ್ಲಿ ಚಪ್ಪಾಳೆ ಹೊಡೆಯೋರಿಲ್ಲ. ಕಂಡದ್ದು ಬರಿ, ಕಾಣದ್ದು ಬರೀಬ್ಯಾಡ." ಆ ಮಾತನ್ನು ನಂಬಿದೆ.

ಐಮಂಗಲದಾಚೆಯ ಒಂದು ದಿಬ್ಬದಲ್ಲಿ ಅಗೆಯುತ್ತಿದ್ದೆವು. ನನ್ನ ಪ್ರಬಂಧವೂ ಅದೇ ಗುಂಡಿಯ ಮೇಲೆ. ಬಿಳಿ ಗೆರೆ ಎಳೆದ ಕೆಂಪು ಚೂರೊಂದು ಮೇಲಿನಿಂದ ಎರಡನೇ ಪದರದಲ್ಲಿ ಸಿಕ್ಕಿತು. ನಾನೇ 'ಎರಡು' ಎಂದು ಬರೆದೆ, ನಾನೇ ಪಾಲಿಶ್ ಬಳಿದೆ. ಇಂಥ ಮಡಕೆ ಈ ಸೀಮೆಯಲ್ಲಿ ಬೇರೆ ವಿದ್ವಾಂಸರು ಹೇಳುವುದಕ್ಕಿಂತ ಬಹಳ ಹಿಂದೆಯೇ ಇತ್ತೆಂಬುದು ಮೇಷ್ಟ್ರ ವಾದ. ವಾದ ನಿಲ್ಲಬೇಕಾದರೆ ಚೂರು ಆಳದ, ಹೆಚ್ಚು ಹಳೆಯದಾದ ಐದನೇ ಪದರದಲ್ಲಿ ಸಿಗಬೇಕಿತ್ತು.

ಹದಿನೈದು ದಿನ ಬಿಟ್ಟು ಚೂರುಗಳ ಪೆಟ್ಟಿಗೆ ತೆರೆದರೆ ಚೂರಿನ ಮೇಲೆ 'ಐದು' ಎಂದಿತ್ತು. ಪಾಲಿಶ್ ಎರಡು ಸಲ ಬಳಿದಷ್ಟು ದಪ್ಪ. ಬೆಳಕಿಗೆ ಓರೆ ಹಿಡಿದರೆ, ಕೆಳಗೆ ಕೆರೆದು ತೆಗೆದ ನನ್ನ 'ಎರಡು'.

ಎದುರು ಪಕ್ಷದ ವಾದವನ್ನೂ ನಾನೇ ಹೂಡಿದೆ: ತಪ್ಪು ನನ್ನದೇ ಇದ್ದರೆ? ಅಂದು ಆ ಚೂರನ್ನು ಎತ್ತಿಕೊಟ್ಟಿದ್ದ, ಕುರಿ ಸಾಕುವ ಮನೆಯ ಅಮ್ಮನನ್ನು ಹುಡುಕಿಕೊಂಡು ಹೋದೆ. "ಅಯ್ಯ, ಅದು ಸಿಕ್ಕಾಗ ಗುಂಡಿ ನನ್ನ ಮೊಣಕಾಲುದ್ದಾನೂ ಇರ್ಲಿಲ್ಲ ಕಣಪ್ಪ. ನೀನು ದಡದ ಮ್ಯಾಲೆ ಕುಂತು ಬರೀತಿದ್ದೆ, ನಿಂತಲ್ಲಿಂದ್ಲೇ ನಿನ್ನ ಕೈಗೆ ಕೊಟ್ಟೆ." ಐದನೇ ಪದರ ಮುಟ್ಟಲು ನಾವು ಏಣಿ ಇಳಿಸಿದ್ದೆವು.

ಚೂರು ಹಿಡಿದು ಮೇಷ್ಟ್ರ ಕೋಣೆಗೆ ಹೋದೆ.

"ನಿನ್ನ ನೋಟ್‌ಬುಕ್ಕಿನಾಗೆ ತಪ್ಪೈತೆ. ತಿದ್ಕಂಡು ಬಾ."

"ತಿದ್ದಲ್ಲ ಸರ್."

"ಪಾಸಾಗಬೇಕೋ ಬ್ಯಾಡೋ?"

"ಸುಳ್ಳು ಬರೆದು ಬ್ಯಾಡ."

ಅವರು ಸಿಟ್ಟಾಗಲಿಲ್ಲ. "ಕುಂತ್ಕ, ಟೀ ಕುಡಿ," ಎಂದರು. ನನ್ನ ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಕೊಟ್ಟರು. ಎದುರು ನಿಂತ ಶಿಷ್ಯನನ್ನೂ ಮೆಚ್ಚಿದ ದೊಡ್ಡ ಮನಸ್ಸು ಎಂದು ಸಭೆಯಲ್ಲಿ ಇದನ್ನೂ ಹೊಗಳಿದರು. ಆ ಮನಸ್ಸು ಎಷ್ಟು ದೊಡ್ಡದೆಂದು ನನಗೆ ಮರುವರ್ಷ ಅವರ ಲೇಖನ ಬಂದಾಗ ತಿಳಿದಿತ್ತು. ಚೂರಿನ ಚಿತ್ರ, ಅದರ ಕೆಳಗೆ ಐದನೇ ಪದರ, ಕೊನೆಯಲ್ಲಿ, ಪದರಗಳನ್ನು ಕಿಂಚಿತ್ತೂ ತಪ್ಪಿಲ್ಲದೆ ದಾಖಲಿಸಿದ ವಿದ್ಯಾರ್ಥಿಗೆ ಕೃತಜ್ಞತೆ ಎಂದು ನನ್ನ ಹೆಸರು. ನನ್ನ ಹಟವನ್ನೇ ತಮ್ಮ ಸುಳ್ಳಿಗೆ ಸಾಕ್ಷಿ ಮಾಡಿಕೊಂಡಿದ್ದರು. 'ಎರಡು' ಎಂದಿರುವ ನನ್ನ ಪ್ರಬಂಧ ವಿಭಾಗದ ಕಪಾಟಿನಲ್ಲಿದೆ. ಅದನ್ನು ಯಾರು ತೆಗೆದು ನೋಡುತ್ತಾರೆ? ಅದರ ಅಂಕದ ಮೇಲೆಯೇ ನನಗೆ ಕೆಲಸ ಸಿಕ್ಕಿತು. ಸುಮ್ಮನಿದ್ದೆ. ಅವರು ನನಗೆ ಹೊರಿಸಿದ ಋಣ ಇದು.

ಅವರು ತೀರಿಕೊಳ್ಳುವ ಮುಂಚೆ, ಹಾಸಿಗೆ ಹಿಡಿದ ಸುದ್ದಿ ಕೇಳಿ ಹೊಸದುರ್ಗದ ಮನೆಗೆ ಹೋದೆ. ಹೆಬ್ಬೆರಳಿನ ಉಗುರು ಬೆಳೆದು ಬೆಳ್ಳಗಾಗಿತ್ತು.

"ಬಾರಪ್ಪ ಡಿಬೇಟು. ಜಗಳಕ್ಕೆ ಬಂದ್ಯಾ?"

"ಹೌದು ಸರ್."

ನಕ್ಕರು. ನಾನು ನಗಲಿಲ್ಲ. ಲೇಖನದ ಕೊನೆಯ ಪುಟ ತೆರೆದು ಅವರ ಎದೆಯ ಮೇಲಿಟ್ಟೆ.

"ಎರಡರಾಗೆ ಒಂದನ್ನ ಅಳಿಸ್ರಿ ಸರ್. ಆ ಐದೋ, ನನ್ನ ಹೆಸರೋ?"