ಓಬಮ್ಮನ ಮನೆಯ ಅತಿಥಿ ಸತ್ಕಾರ

ಕಡೂರಿನಿಂದ ಚೌಳಹಿರಿಯೂರಿಗೆ ಹೋಗುವ ದಾರಿಯ ಆ ಹಳ್ಳಿಯಲ್ಲಿ ಓಬಮ್ಮನ ಬಸ್ಸಾರಿನ ಬಗ್ಗೆ ಎರಡು ಮಾತಿಲ್ಲ. ಕೇರಿಯವರು ಉಂಡು ಹೊಗಳುತ್ತಾರೆ. ಮೇಲಿನ ಬೀದಿಯವರು ಉಣ್ಣದೆಯೇ ಹೊಗಳುತ್ತಾರೆ, ಅವರಿಗೆ ಒಗ್ಗರಣೆಯ ಘಮವೇ ಸಾಕು.

ಮೇಲಿನ ಬೀದಿಯವರನ್ನು ಕೆಟ್ಟವರೆಂದು ಹೇಳುವಂತಿಲ್ಲ. ಕರೆದರೆ ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೇ ಬಂದು ಕುರ್ಚಿಯ ಮೇಲೆ ಕೂರುತ್ತಾರೆ. ತಟ್ಟೆ ಕಂಡರೆ ಮಾತ್ರ “ಈಗಷ್ಟೇ ಊಟ ಆಯ್ತು ಕಣಮ್ಮ” ಎನ್ನುತ್ತಾರೆ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಬಂದರೂ ಅವರದು ಊಟವಾಗಿಯೇ ಇರುತ್ತದೆ. ಆಗ ಓಬಮ್ಮನ ಗಂಡ ಅಂಜಿನಪ್ಪ ಅಂಗಡಿಗೆ ಓಡಿ ಕಿತ್ತಳೆ ಬಣ್ಣದ ಕೂಲ್‌ಡ್ರಿಂಕ್ಸ್ ತರಬೇಕು. ಮುಚ್ಚಳವನ್ನು ಅವರ ಕಣ್ಣೆದುರೇ ತೆಗೆಯಬೇಕು. ಮನೆಯ ಲೋಟಕ್ಕೆ ಸುರಿದರೆ ಅವರಿಗೆ ಅಲ್ಲೇ ಗಂಟಲು ನೋವು ಶುರುವಾಗುತ್ತದೆ. ಮೊದಲು ಗಾಜಿನ ಬಾಟಲಿ ಇತ್ತು, ಈಗ ಪ್ಲಾಸ್ಟಿಕ್ಕಿನದು ಬಂದಿದೆ. ಮನೆಗೆ ಫ್ರಿಜ್ ಬಂದ ಮೇಲೆ ಅಂಜಿನಪ್ಪನ ಓಟವೂ ತಪ್ಪಿತು. ಊರು ಮುಂದುವರಿದಿಲ್ಲ ಎಂದು ಗೊಣಗುವವರು ಇದನ್ನು ಗಮನಿಸಬೇಕು.

ಬೇರೆಯವರ ವಿಷಯ ಓಬಮ್ಮನಿಗೆ ಹೇಗೋ ಅಭ್ಯಾಸವಾಗಿತ್ತು. ಹೊಟ್ಟೆ ಉರಿಯುತ್ತಿದ್ದದ್ದು ಕಾಶಮ್ಮನ ವಿಷಯಕ್ಕೆ. ಕಾಶಮ್ಮ ಕೊಬ್ಬರಿ ವ್ಯಾಪಾರದ ತೀರ್ಥಪ್ಪನ ಹೆಂಡತಿ. ಇಬ್ಬರೂ ಆ ಊರಿಗೆ ಸೊಸೆಯರಾಗಿ ಬಂದ ವರ್ಷದಿಂದ ತೀರ್ಥಪ್ಪನ ಈರುಳ್ಳಿ ಹೊಲದಲ್ಲಿ ಒಟ್ಟಿಗೆ ಕಳೆ ಕಿತ್ತವರು. ಒಬ್ಬಳು ಒಡತಿ, ಒಬ್ಬಳು ಕೂಲಿಯವಳು. ಅತ್ತೆಯರನ್ನು ಬೈಯುವಾಗ ಮಾತ್ರ ಆ ಭೇದ ಇರಲಿಲ್ಲ. ಗಂಡನ ಜತೆ ಜಗಳವಾದರೆ ಕಾಶಮ್ಮ ಇವತ್ತಿಗೂ ಬಂದು ಕೂರುವುದು ಓಬಮ್ಮನ ಮನೆಯಲ್ಲೇ.

ಈಗ ಕಾಶಮ್ಮನಿಗೆ ಸಕ್ಕರೆ ಕಾಯಿಲೆ. ರಾಗಿ ಮುದ್ದೆ, ಸೊಪ್ಪು ತಿನ್ನಿ, ಸಿಹಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಓಬಮ್ಮನ ಒಲೆಯ ಮೇಲಿರುವುದೇ ಮುದ್ದೆ, ಸೊಪ್ಪು. ಕಾಶಮ್ಮ ಅದರ ಪಕ್ಕದಲ್ಲೇ ಕೂತು ಬಾಟಲಿಯ ಸಕ್ಕರೆ ನೀರು ಕುಡಿಯುತ್ತಾಳೆ, ಮನೆಗೆ ಹೋಗಿ ಮಾತ್ರೆ ನುಂಗುತ್ತಾಳೆ.

ಓಬಮ್ಮನ ಮಗ ಶಿವಪ್ರಸಾದ್ ಹೊಸ ಮನೆ ಕಟ್ಟಿಸಿದಾಗ ಬುದ್ಧನ ಫೋಟೋ ಇಟ್ಟು ವಂದನೆ ಮಾಡಿಸಿದ. ಮೇಲಿನ ಬೀದಿಯವರೆಲ್ಲ ಬಂದರು. ನೆಲದ ಗ್ರಾನೈಟ್ ಸವರಿ ನೋಡಿದರು, ಬಾಟಲಿ ಖಾಲಿ ಮಾಡಿದರು, ಹರಸಿ ಹೋದರು. ಅವರಿಗೆಂದು ಮಾಡಿದ ಪಾಯಸ ಪಾತ್ರೆಯಲ್ಲೇ ಉಳಿಯಿತು. ಅವತ್ತು ಓಬಮ್ಮ ಬಚ್ಚಲಲ್ಲಿ ಕೂತು ಅತ್ತಳು. ಊರೆಲ್ಲ ಉಣ್ಣುವುದು ಅವಳಿಗೆ ಬೇಕಿರಲಿಲ್ಲ, ಕಾಶಮ್ಮ ಒಂದು ಸಲ ತನ್ನ ಕೈಯಡುಗೆ ಉಂಡರೆ ಸಾಕಿತ್ತು.

ಹೀಗಿರುವಾಗ ಕಡೂರಿನಲ್ಲಿ ‘ಸಂಸ್ಕೃತಿ ವೈವಿಧ್ಯ ಮೇಳ’ ಮಾಡುವುದೆಂದಾಯಿತು. ಶಾಮಿಯಾನದ ಖರ್ಚು ವಹಿಸಿಕೊಂಡಿದ್ದರಿಂದ ತೀರ್ಥಪ್ಪನವರೇ ಸಂಸ್ಕೃತಿಗೆ ಅಧ್ಯಕ್ಷರಾದರು. ಎಲ್ಲ ಜನಾಂಗದ ಅಡುಗೆಯೂ ಇರಬೇಕೆಂದು ಓಬಮ್ಮನ ಮನೆಗೂ ಬಂದರು.

“ನೋಡಮ್ಮ ಓಬಮ್ಮ, ನಿಮ್ ಜನದ್ದೂ ಒಂದು ಸ್ಟಾಲ್ ಬೇಕು. ನೀವಿಲ್ದೆ ವೈವಿಧ್ಯ ಎಲ್ಲಿಂದ ಬಂತು?”

“ಏನ್ ಮಾಡ್ಕೊಂಡ್ ಬರ್ಲಿ ಯಜಮಾನ್ರೇ?”

“ಬೇರೆ ಕಡೆ ಸಿಗ್ದಿರೋದು. ನಿಮ್ಮನೇಗೆ ಬಂದೋರಿಗೆ ಮೊದ್ಲಿಂದ ನೀವು ಏನು ಕೊಡ್ತಾ ಬಂದಿದೀರೋ ಅದು. ಅದೇ ಕಣಮ್ಮ ಸಂಸ್ಕೃತಿ ಅಂದ್ರೆ.”

ಇಷ್ಟು ಹೇಳಿ ಕೈಯಲ್ಲಿದ್ದ ಬಾಟಲಿ ಮುಗಿಸಿ, ಕುರ್ಚಿಯ ಕಾಲ ಹತ್ತಿರ ಇಟ್ಟು ಹೊರಟರು.

“ಬಸ್ಸಾರು, ಮುದ್ದೆ ಮಾಡನ ಅತ್ತೆ, ಜನ ಮುಗಿಬೀಳ್ತಾರೆ” ಎಂದಳು ಸೊಸೆ ಹೇಮಶ್ರೀ.

ಓಬಮ್ಮ ನೆಲದ ಮೇಲಿನ ಬಾಟಲಿಯನ್ನೇ ನೋಡುತ್ತಿದ್ದಳು. “ಬ್ಯಾಡ ಕಣೇ. ಬಂದೋರಿಗೆ ಏನು ಕೊಡ್ತೀವೋ ಅದ್ನೇ ತರಕ್ಕೆ ಹೇಳವ್ರೆ” ಎಂದಳು.

ಮೇಳದ ದಿನ ಒಂದು ಮೇಜಿನ ಮೇಲೆ ಹೋಳಿಗೆ, ಒಂದರ ಮೇಲೆ ಶಾವಿಗೆ, ಇನ್ನೊಂದರ ಮೇಲೆ ಬಿರಿಯಾನಿ. ಓಬಮ್ಮನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸಾಲಾಗಿ ಕಿತ್ತಳೆ ಬಣ್ಣದ ಬಾಟಲಿಗಳು. ತೀರ್ಪು ಕೊಡಲು ಬಂದಿದ್ದ ಕಾಲೇಜು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, “ಇದೇನಮ್ಮ?” ಎಂದರು.

“ನಮ್ಮನೆ ವಿಶೇಷ ಸ್ವಾಮಿ. ಅಧ್ಯಕ್ಷರು ಯಾವಾಗ್ ಬಂದ್ರೂ ಇದನ್ನೇ ಕುಡ್ಯೋದು, ಬೇಕಾದ್ರೆ ಕೇಳಿ.”

“ಮಾಡೋ ವಿಧಾನ?”

“ಮುಚ್ಚಳ ಅವ್ರ ಎದ್ರಿಗೇ ತೆಗೀಬೇಕು. ನಮ್ಮ ಲೋಟ ಸೋಕಂಗಿಲ್ಲ. ಅಷ್ಟೇಯ.”

ಸುತ್ತಲಿದ್ದವರು ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಶಾಮಿಯಾನದ ಕಂಬ ಸಡಿಲವಾದಂತೆ ಕಂಡಿತು, ಅತ್ತ ನಡೆದರು. ಪಕ್ಕದಲ್ಲಿದ್ದ ಕಾಶಮ್ಮ ಅಭ್ಯಾಸಬಲದಿಂದ ಒಂದು ಬಾಟಲಿ ಎತ್ತಿಕೊಂಡಿದ್ದಳು. ಅದನ್ನು ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟು ಹೋದಳು. ಸಂಜೆ ‘ವಿನೂತನ ಕಲ್ಪನೆ’ ಎಂದು ಓಬಮ್ಮನಿಗೆ ಸಮಾಧಾನಕರ ಬಹುಮಾನ ಬಂತು, ಒಂದು ಸ್ಟೀಲ್ ತಟ್ಟೆ. ತೀರ್ಥಪ್ಪನವರೇ ಅದನ್ನು ಕೊಟ್ಟು ಫೋಟೋಗೆ ನಿಂತರು. ಕಲ್ಪನೆ ಎಂಬ ಮಾತು ಅವರಿಗೆ ಬಹಳ ಹಿಡಿಸಿದ ಹಾಗಿತ್ತು.

ಆ ವಾರವೇ ಒಂದು ಮಧ್ಯಾಹ್ನ ಕಾಶಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಓಬಮ್ಮ ಒಬ್ಬಳೇ ಇದ್ದಳು.

“ಓಬಿ, ಮುದ್ದೆ ಐತೇನೆ? ಬೇಗ ಹಾಕು. ಇವ್ರು ಮೇಳ ಚೆನ್ನಾಗ್ ಮಾಡಿದ್ರು ಅಂತ ತರೀಕೆರೇಲಿ ಸನ್ಮಾನ, ಅಲ್ಲಿಗ್ ಹೋಗವ್ರೆ.”

ಓಬಮ್ಮ ಬಹುಮಾನದ ತಟ್ಟೆಯನ್ನು ತೊಳೆದು, ಮುದ್ದೆ ಇಟ್ಟು, ಸಾರು ಬಿಟ್ಟಳು.

“ಯಾರಿಗೂ ಹೇಳ್ಬ್ಯಾಡ ಕಣೇ” ಎಂದಳು ಕಾಶಮ್ಮ.

ಓಬಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಎದ್ದು ಹೋಗಿ ಫ್ರಿಜ್ಜಿನಿಂದ ಒಂದು ಬಾಟಲಿ ತಂದು ಕಾಶಮ್ಮನ ಮುಂದಿಟ್ಟಳು. “ಕದ್ದು ಉಣ್ಣಂಗಿದ್ರೆ ಇದನ್ನೇ ಕುಡೀರಿ ಕಾಶಮ್ಮೋರೇ. ಇದಾದ್ರೆ ಬೀದೀಲಿ ಕುಂತೂ ಕುಡೀಬೋದು.”

“ಸೊಕ್ಕು ಕಣೇ ನಿಂಗೆ.”

“ಹೂಂ, ಐತೆ.”

ಕಾಶಮ್ಮ ಎದ್ದಳು. ಹಿತ್ತಲಿಗೇ ಹೋಗುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡಳು ಓಬಮ್ಮ. ಆದರೂ ತಡೆಯಲಿಲ್ಲ. ಕಾಶಮ್ಮ ಹಿತ್ತಲಿಗೆ ಹೋಗಲಿಲ್ಲ. ಮುಂಬಾಗಿಲು ತೆಗೆದು, ಬೀದಿಗೆ ಮುಖ ಮಾಡಿ ಜಗಲಿಯ ಮೇಲೆ ಕೂತಳು.

“ಇಲ್ಲಿಗೆ ತಗಂಬಾ” ಎಂದಳು.

ಮೊದಲ ತುತ್ತು ನುಂಗುವ ಹೊತ್ತಿಗೆ ಮೇಲಿನ ಬೀದಿಯ ರೇಣುಕಪ್ರಸಾದ್ ಬೈಕಿನಲ್ಲಿ ಬಂದವನು ಒಂದು ಕಾಲು ನೆಲಕ್ಕೂರಿ ನಿಂತುಬಿಟ್ಟ.

“ಏನ್ ಕಾಶಕ್ಕ, ಊಟನಾ?”

“ಹೂಂ ಕಣಪ್ಪ. ಬಾ, ನೀನೂ ಉಣ್ಣು.”

“ಇಲ್ಲಕ್ಕ, ಈಗಷ್ಟೇ ಆಯ್ತು” ಎಂದು ಅವನು ಬೈಕು ಓಡಿಸಿಕೊಂಡು ಹೋದ.

ಕಾಶಮ್ಮ ಇನ್ನೊಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಬೀದಿಗೆ ಕೇಳುವ ಹಾಗೆ, “ಉಪ್ಪು ಕಮ್ಮಿ ಆಗೈತೆ ಕಣೇ, ಓಬಿ” ಎಂದಳು.

ತನ್ನ ಸಾರಿಗೆ ಹೆಸರಿಟ್ಟವರನ್ನು ಓಬಮ್ಮ ಎಂದೂ ಸುಮ್ಮನೆ ಬಿಟ್ಟವಳಲ್ಲ. ಈ ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಉಪ್ಪು ತರಲು ಒಳಗೆ ಓಡಿದಳು.